ಹೊಸ ನಾಯಿ ಬಂದ ದಿನ ಸ್ನಾನ ಬೇಡ, ಹೊಟ್ಟೆ ತುಂಬಾ ಊಟವೂ ಬೇಡ

ಸಂಕಟದಲ್ಲಿದ್ದ ನಾಯಿಯನ್ನು ಎತ್ತಿಕೊಂಡು ಬಂದವರು ನನಗೆ ಮೊದಲು ಹೇಳುವ ಮಾತು ಹೆಚ್ಚುಕಡಿಮೆ ಒಂದೇ. “ಡಾಕ್ಟ್ರೇ, ಪಾಪ, ತುಂಬಾ ಹಸಿದಿತ್ತು. ಹೊಟ್ಟೆ ತುಂಬಾ ಹಾಕಿದ್ವಿ. ಸ್ನಾನಾನೂ ಮಾಡಿಸಿದ್ವಿ.” ಅವರ ಕರುಳು ಎಂಥದ್ದು ಅಂತ ನನಗೆ ಗೊತ್ತು. ಆದರೂ ಆ ಎರಡಕ್ಕೂ ಅವಸರ ಮಾಡಬಾರದಿತ್ತು ಅಂತ ಹೇಳಲೇಬೇಕಾಗುತ್ತದೆ.

ಊಟದಿಂದಲೇ ಶುರು ಮಾಡುತ್ತೇನೆ. ಇಲ್ಲಿ ತಪ್ಪಿದರೆ ಜೀವವೇ ಹೋಗಬಹುದು. ಎಷ್ಟೋ ದಿನ ಉಪವಾಸವಿದ್ದ ನಾಯಿ ತನ್ನ ಕೊಬ್ಬು, ಮಾಂಸಖಂಡವನ್ನೇ ಕರಗಿಸಿಕೊಂಡು ಬದುಕಿರುತ್ತದೆ. ಮೈಯಲ್ಲಿ ಫಾಸ್ಫರಸ್, ಪೊಟ್ಯಾಸಿಯಂ, ಮೆಗ್ನೀಸಿಯಂ ಬರಿದಾಗಿರುತ್ತವೆ. ಒಮ್ಮೆಲೇ ಬಟ್ಟಲು ತುಂಬಾ ಊಟ ಸಿಕ್ಕರೆ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿ ಅಷ್ಟಿಷ್ಟು ಉಳಿದಿದ್ದ ಲವಣಗಳೂ ಜೀವಕೋಶಗಳೊಳಗೆ ಹೊರಟುಹೋಗುತ್ತವೆ. ಕಾಲುಗಳಲ್ಲಿ ಬಲ ಇರುವುದಿಲ್ಲ, ಉಸಿರು ಕಷ್ಟವಾಗುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತೇವೆ. ಊಟ ಶುರುವಾದ ಮೊದಲ ಕೆಲವು ದಿನಗಳಲ್ಲೇ ಇದು ಬರುತ್ತದೆ. ‘ಸದ್ಯ, ಚೆನ್ನಾಗಿ ತಿಂತಿದೆ’ ಅಂತ ನಾವು ನಿಟ್ಟುಸಿರು ಬಿಡುವ ಹೊತ್ತಿಗೇ ನಾಯಿ ಕುಸಿದಿರುತ್ತದೆ.

10 ಕೆಜಿ ತೂಗುವ ನಾಯಿಗೆ ಸುಮ್ನೆ ಮಲಗಿರಲಿಕ್ಕೇ ದಿನಕ್ಕೆ ಸುಮಾರು 400 ಕ್ಯಾಲೊರಿ ಬೇಕು. ಎಲುಬು ಎದ್ದು ಕಾಣುವಷ್ಟು ಸೊರಗಿದ್ದರೆ ಮೊದಲ ದಿನ ಅದರ ಕಾಲು ಭಾಗ ಸಾಕು. ಆ 100 ಕ್ಯಾಲೊರಿಯನ್ನೂ ನಾಲ್ಕೈದು ಸಲ ಹಂಚಿ ಕೊಡಿ. ಆಮೇಲೆ ದಿನದಿಂದ ದಿನಕ್ಕೆ ಏರಿಸುತ್ತಾ ಹೋಗಿ. ಅಷ್ಟು ಬಡಕಲಾದ ನಾಯಿಗೆ ರಕ್ತಪರೀಕ್ಷೆ ಮಾಡಿಸಿ, ವೈದ್ಯರ ಕಣ್ಣೆದುರೇ ಊಟ ಶುರು ಮಾಡುವುದು ಒಳ್ಳೆಯದು. ಅದು ಬಟ್ಟಲನ್ನು ನೆಕ್ಕಿ ನಿಮ್ಮ ಮುಖ ನೋಡುತ್ತದೆ. ಆಗ ಕೈ ತಡೆಯುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು.

ಎರಡನೆಯದು, ಬೇರೆ ಕೋಣೆ. ಮನೆಯ ನಾಯಿಗಳ ಜೊತೆ ಬೆರೆಸಲು ಕನಿಷ್ಠ 14 ದಿನ ಕಾಯಿರಿ. ಪಾರ್ವೊ ವೈರಸ್ ತಗುಲಿದ ಮರಿ ಕೆಲವು ದಿನ ಆಡಿಕೊಂಡೇ ಇರುತ್ತದೆ. ವಾಂತಿ, ಭೇದಿ ಕಾಣುವ ಮೊದಲೇ ಮಲದಲ್ಲಿ ವೈರಸ್ ಬರಲು ಶುರುವಾಗಿರುತ್ತದೆ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ನೆಲ ಒರೆಸುವ ಎಷ್ಟೋ ದ್ರಾವಣಗಳಿಗೆ ಬಗ್ಗುವುದಿಲ್ಲ. ಮೊದಲು ಸೋಪಿನಿಂದ ತೊಳೆಯಿರಿ. ಆಮೇಲೆ ಒಂದು ಭಾಗ ಬ್ಲೀಚಿಗೆ ಮೂವತ್ತು ಭಾಗ ನೀರು ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಿಡಿ. ಹೊಸ ನಾಯಿಗೆ ಬೇರೆ ಬಟ್ಟಲು, ಆ ಕೋಣೆಗೆ ಬೇರೆ ಚಪ್ಪಲಿ ಇರಲಿ. ಮನೆಯ ನಾಯಿಗಳ ಕೆಲಸವನ್ನೆಲ್ಲ ಮುಗಿಸಿ, ಕೊನೆಗೆ ಅಲ್ಲಿಗೆ ಹೋಗಿ. ಡಿಸ್ಟೆಂಪರ್ ಅನ್ನುವ ಇನ್ನೊಂದು ವೈರಸ್ ಕಾಯಿಲೆಯ ಲಕ್ಷಣಗಳು ಎರಡು ವಾರ ಕಳೆದ ಮೇಲೂ ಕಾಣಿಸಬಹುದು. ಹಾಗಾಗಿ ಕಣ್ಣು, ಮೂಗಿನಿಂದ ಕೀವಿನಂಥದ್ದು ಬರುತ್ತಿದ್ದರೆ 14 ದಿನ ಆಯ್ತಲ್ವಾ ಅಂತ ಬಾಗಿಲು ತೆಗೆಯಬೇಡಿ. ಲಸಿಕೆಯನ್ನು ಆದಷ್ಟೂ ಬಂದ ದಿನವೇ ಹಾಕಿಸಿ.

ಮಾಲೀಕರ ಗುರುತಿಗೆ ಚರ್ಮದಡಿ ಹಾಕುವ ಮೈಕ್ರೋಚಿಪ್ ಇದೆಯಾ ಅಂತ ಸ್ಕ್ಯಾನ್ ಮಾಡಿಸಿ. ಯಾರೋ ಅದನ್ನು ಹುಡುಕುತ್ತಿರಬಹುದು. ಕಜ್ಜಿಗೆ ನೀವೇ ಐವರ್ಮೆಕ್ಟಿನ್ ಅನ್ನುವ ಹುಳದ ಔಷಧಿ ಕೊಡಬೇಡಿ, ಕೋಲಿಯಂಥ ತಳಿಗಳಿಗೆ ಅದು ಪ್ರಾಣಕ್ಕೇ ಕುತ್ತು. ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು, ಅವತ್ತೇ ವೈದ್ಯರ ಹತ್ತಿರ ಹೋಗಿ.

ಸ್ನಾನದ ಮಾತು. ಮೈಮೇಲೆ ಎಣ್ಣೆ, ರಾಸಾಯನಿಕ ಬಿದ್ದಿದ್ದರೆ ತಡಮಾಡದೆ ತೊಳೆಯಬೇಕು, ಅದು ಬೇರೆ ವಿಷಯ. ಉಳಿದಂತೆ ಕೊಳೆಯಿಂದ ನಾಯಿ ಸಾಯುವುದಿಲ್ಲ. ಹಿಡಿದು ಅದುಮಿ ನೀರು ಸುರಿದರೆ, ಗೊತ್ತಿಲ್ಲದ ಜಾಗದಲ್ಲಿ ಗೊತ್ತಿಲ್ಲದ ಕೈಗಳು ಅಂದರೆ ಭಯ ಅಂತ ಅದು ಕಲಿಯುತ್ತದೆ. ಸೊರಗಿದ ಮರಿಯ ಮೈ ತಣ್ಣಗಾಗಿ ಇನ್ನಷ್ಟು ಅಪಾಯ.

ಒಂದು ಹೆಣ್ಣುನಾಯಿ ನನ್ನಲ್ಲಿ ಐದು ದಿನ ಗೋಡೆಗೆ ಮುಖ ಮಾಡಿ ಮಲಗಿತ್ತು. ಹತ್ತಿರ ಹೋದರೆ ತುಟಿ ನೆಕ್ಕಿಕೊಳ್ಳುತ್ತಿತ್ತು, ಕಣ್ಣಿನ ಬಿಳಿಭಾಗ ಕಾಣುತ್ತಿತ್ತು, ಮೆಲ್ಲಗೆ ಗುರ್ ಅನ್ನುತ್ತಿತ್ತು. ನಾನು ಬೈಯಲಿಲ್ಲ. ಗುರ್ ಅನ್ನುವುದನ್ನು ಬೈದು ಬಿಡಿಸಿದರೆ ಮುಂದಿನ ಸಲ ಅದು ಹೇಳದೆಯೇ ಕಚ್ಚುತ್ತದೆ. ದಿನಾ ಅರ್ಧ ಗಂಟೆ ಅದರ ಕಡೆ ಬೆನ್ನು ಹಾಕಿ ನೆಲದ ಮೇಲೆ ಕೂತು ನನ್ನ ಕಾಗದಪತ್ರ ನೋಡುತ್ತಿದ್ದೆ. ಆರನೇ ದಿನ ಪಾದಕ್ಕೆ ಒದ್ದೆ ಮೂಗು ತಾಗಿತು. ತಿರುಗಲಿಲ್ಲ. ಅದರ ಸ್ನಾನ ಆಗಿದ್ದು ಹನ್ನೊಂದನೇ ದಿನ, ಅದಾಗೇ ತೊಡೆಯ ಮೇಲೆ ತಲೆ ಇಟ್ಟ ಮೇಲೆ.