ಸುಣ್ಣಕಲ್ಲಿನ ಹರಳಿಗೆ ಇಷ್ಟೊಂದು ಮರುಳೇಕೆ?

ಪ್ರಶ್ನೆ: ಕ್ಯಾಲ್ಸೈಟ್ ಎಲ್ಲೆಲ್ಲೂ ಸಿಗುವ ಖನಿಜ, ಉಂಗುರಕ್ಕೆ ಕೂರಿಸಲಾಗದಷ್ಟು ಮೆದು. ಆದರೂ ಸಂಗ್ರಾಹಕರು ಅದರ ವಿಚಿತ್ರ ಹರಳುಗಳ ಹಿಂದೆ ಬೀಳುವುದೇಕೆ?

ಕ್ಯಾಲ್ಸೈಟ್ ಅಪರೂಪವಲ್ಲ, ನಿಜ. ಸುಣ್ಣಕಲ್ಲು, ಅಮೃತಶಿಲೆಗಳಲ್ಲಿ ಇರುವುದೇ ಅದು. ಅಪರೂಪವಾದದ್ದು ಅದು ತಳೆಯುವ ರೂಪ. ಈವರೆಗೆ ಅದರಲ್ಲಿ ಗುರುತಿಸಿರುವ ಮುಖರೂಪಗಳೇ, ಅಂದರೆ ಹರಳಿನ ಚಪ್ಪಟೆ ಬದಿಗಳು (ಮುಖಗಳು) ಜೋಡಣೆಯಾಗುವ ಬಗೆಗಳೇ, 800ಕ್ಕೂ ಹೆಚ್ಚು. ಅವು ಬೆರೆತು ಆಗುವ ಆಕಾರಗಳು ಸಾವಿರಗಟ್ಟಲೆ. ನಾಯಿಯ ಕೋರೆಹಲ್ಲಿನಂತಹದು, ಮೊಳೆಯ ತಲೆಯಂತಹದು, ಆರು ಬದಿಯ ಕಂಬ, ಕಾಗದದಷ್ಟು ತೆಳುವಾದ ಹಾಳೆ: ಎಲ್ಲವೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್.

ಇದಕ್ಕೆ ಕಾರಣ, ಹರಳು ಬೆಳೆದ ನೀರು. ಬೇಗ ಬೆಳೆಯುವ ಮುಖ ಕಿರಿದಾಗುತ್ತ ಮಾಯವಾಗುತ್ತದೆ. ನಿಧಾನವಾಗಿ ಬೆಳೆಯುವ ಮುಖವೇ ಕೊನೆಗೆ ಉಳಿಯುತ್ತದೆ. ನೀರಿನ ಬಿಸಿ, ಅದರಲ್ಲಿ ಕರಗಿರುವ ಸುಣ್ಣದ ಪ್ರಮಾಣ, ಚೂರುಪಾರು ಮೆಗ್ನೀಸಿಯಂ ಬದಲಾದರೆ ಈ ವೇಗಗಳೂ ಬದಲಾಗುತ್ತವೆ. ನಡುವೆ ಬೆಳವಣಿಗೆ ನಿಂತು, ಮೈಮೇಲೆ ಹೆಮಟೈಟ್ ಎಂಬ ಕಬ್ಬಿಣದ ಅದಿರಿನ ಕೆಂಪು ಪುಡಿ ಕೂತು, ಮತ್ತೆ ಬೆಳೆದರೆ ಹರಳಿನ ಹೊಟ್ಟೆಯಲ್ಲಿ ಅದರ ಚಿಕ್ಕಂದಿನ ರೂಪ ಕಾಣಿಸುತ್ತದೆ. ಇಂಥದ್ದನ್ನು ಬೆಳಕಿಗೆ ಹಿಡಿದರೆ ಹೊರಗೆ ಕಂಬ, ಒಳಗೆ ಕೋರೆಹಲ್ಲು ಇರುವುದುಂಟು. ನನ್ನ ಮಟ್ಟಿಗೆ ಬಣ್ಣದ ಹರಳುಗಳಿಗಿಂತ ಇವೇ ಮೇಲು.

ಒಂದಕ್ಕೊಂದು ಕೂಡಿಕೊಂಡು ಬೆಳೆದ ಅವಳಿ ಹರಳುಗಳಿಗೆ ಬೇರೆಯೇ ಬೇಡಿಕೆ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಎಗ್ರೆಮಾಂಟ್ ಸುತ್ತಲಿನ ಹಳೆಯ ಕಬ್ಬಿಣದ ಗಣಿಗಳಲ್ಲಿ ಸಿಕ್ಕ ಹೃದಯಾಕಾರದ ಜೋಡಿಗಳು ಹೆಸರುವಾಸಿ. ಅಮೆರಿಕದ ಟೆನೆಸಿಯ ಎಲ್ಮ್‌ವುಡ್ ಸತುವಿನ ಗಣಿಯವು ಜೇನುಬಣ್ಣದ ದೊಡ್ಡ ಹರಳುಗಳು. ಮೊರಾಕ್ಕೊದ ಬೂ ಅಜರ್‌ನಲ್ಲಿ ಕೋಬಾಲ್ಟ್ ಸೇರಿ ಕ್ಯಾಲ್ಸೈಟ್ ಗಾಢ ಗುಲಾಬಿಯಾಗಿದೆ. ಫ್ರಾನ್ಸಿನ ಫೊಂಟೆನ್‌ಬ್ಲೊದ್ದಂತೂ ತಮಾಷೆಯೇ ಸರಿ: ಮರಳಿನ ನಡುವೆ ಬೆಳೆದ ಆ ಹರಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಮರಳೇ ಇದ್ದರೂ ಅಂಚುಗಳು ಅಚ್ಚುಕಟ್ಟು.

ಇನ್ನು ಐಸ್‌ಲ್ಯಾಂಡಿನ ತಿಳಿಹರಳು, ಗಾಜಿನಂತೆ ಪಾರದರ್ಶಕವಾದ ಕ್ಯಾಲ್ಸೈಟ್. ಅಚ್ಚಾದ ಪುಟದ ಮೇಲಿಟ್ಟರೆ ಪ್ರತಿ ಅಕ್ಷರವೂ ಎರಡಾಗುತ್ತದೆ. ಹರಳನ್ನು ಮೆಲ್ಲಗೆ ತಿರುಗಿಸಿದರೆ ಒಂದು ಬಿಂಬ ಕದಲದೆ ನಿಲ್ಲುತ್ತದೆ, ಇನ್ನೊಂದು ಅದರ ಸುತ್ತ ಪ್ರದಕ್ಷಿಣೆ ಹಾಕುತ್ತದೆ. ಡೆನ್ಮಾರ್ಕಿನ ರಾಸ್ಮಸ್ ಬಾರ್ತೊಲಿನ್ 1669ರಲ್ಲಿ ವಿವರಿಸಿದ್ದು ಇದನ್ನೇ. ಹರಳನ್ನು ಹೊಕ್ಕ ಬೆಳಕು ಎರಡಾಗಿ ಒಡೆದು, ಎರಡು ಬೇರೆ ವೇಗಗಳಲ್ಲಿ ಸಾಗುವುದರಿಂದ ಹೀಗಾಗುತ್ತದೆ.

ಕೊಳ್ಳುವ ಆಸೆಯಿದ್ದರೆ ಮೊದಲು ತುದಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಮುರಿದದ್ದನ್ನು ಅಂಟಿಸಿದ ಮಾಲೂ ಮಾರಾಟಕ್ಕೆ ಬರುತ್ತದೆ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಕ್ಯಾಲ್ಸೈಟಿನದು ಬರೀ 3, ಚಾಕುವಿನ ಮೊನೆ ಸುಲಭವಾಗಿ ಗೀರುತ್ತದೆ. ತೊಳೆಯಲು ವಿನೆಗರ್ ಬೇಡ, ಹರಳೇ ನೊರೆಯೆದ್ದು ಕರಗುತ್ತದೆ. ಬಿಸಿನೀರೂ ಬೇಡ: ಕಾದಾಗ ಕ್ಯಾಲ್ಸೈಟ್ ಒಂದು ದಿಕ್ಕಿನಲ್ಲಿ ಹಿಗ್ಗಿ ಅದರ ಅಡ್ಡ ದಿಕ್ಕಿನಲ್ಲಿ ಕುಗ್ಗುತ್ತದೆ, ಸೀಳು ಬಿಡಲು ಅಷ್ಟು ಸಾಕು. ಕೈಜಾರಿ ಬಿದ್ದರೆ ಕೋರೆಹಲ್ಲಾಗಲಿ, ಹೃದಯವಾಗಲಿ, ಒಡೆದ ಚೂರುಗಳು ಮಾತ್ರ ಓರೆಯಾದ ಪುಟ್ಟ ಪೆಟ್ಟಿಗೆಗಳೇ. ಪ್ರತಿ ಬದಿಯಲ್ಲೂ ಸುಮಾರು 78 ಮತ್ತು 102 ಡಿಗ್ರಿಯ ಅದೇ ಮೂಲೆಗಳು.