ಗ್ಯಾಸ್ ಏರಿದ ಹಾಗೆ ಸೆಕೆಯೂ ಏರಬೇಕಲ್ವಾ?

ಕಾಸರಗೋಡಿನ ತೋಟದವರು ಮಾತಿಗೆ ಕೂತರೆ ಈ ಪ್ರಶ್ನೆ ಬಂದೇ ಬರುತ್ತದೆ. "ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ವರ್ಷ ವರ್ಷ ಜಾಸ್ತಿ ಅಂತೀರಿ. ಮತ್ತೆ ಕೆಲವು ವರ್ಷ ಸೆಕೆ ಕಮ್ಮಿ ಆಗುವುದು ಹೇಗೆ?" ಕೇಳಬೇಕಾದ ಪ್ರಶ್ನೆಯೇ.

ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಶುರು ಮಾಡಿದಾಗ, ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಈ ಅನಿಲದ್ದು ಸುಮಾರು 315 ಇತ್ತು. 2024ರ ಸರಾಸರಿ ಸುಮಾರು 424. ವರ್ಷದ ಸರಾಸರಿ ಒಮ್ಮೆಯೂ ಇಳಿದಿಲ್ಲ. ತಾಪಮಾನ ಮಾತ್ರ ಏರುತ್ತದೆ, ಚೂರು ಇಳಿಯುತ್ತದೆ, ಮತ್ತೆ ಏರುತ್ತದೆ.

ಅನಿಲ ಹೆಚ್ಚಾದರೆ ಬಿಸಿ ಏರುವುದು ಯಾಕೆ ಅನ್ನುವುದು ಏತಡ್ಕದ ಕಡೆಯ ಕಟ್ಟಗಳನ್ನು ನೋಡಿದವರಿಗೆ ಬೇಗ ಹೊಳೆದೀತು. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಾರೆ. ಬರುವ ನೀರು ಮೊದಲಿನಷ್ಟೇ, ಹೋಗುವುದು ಕಮ್ಮಿ. ನೀರು ಏರುತ್ತಾ ಹೋಗಿ, ಕಟ್ಟದ ತಲೆಯ ಮೇಲಿಂದ ಬಂದಷ್ಟೇ ಹರಿದುಹೋಗುವಾಗ ನಿಲ್ಲುತ್ತದೆ. ಬಿಸಿಲಿನ ಕಥೆಯೂ ಇದೇ. ಕಾದ ನೆಲ ಆಕಾಶಕ್ಕೆ ಬಿಡುವ ಶಾಖವನ್ನು ಈ ಅನಿಲ ತಡೆಯುತ್ತದೆ. ಬಂದಷ್ಟು ಹೊರಗೆ ಹೋಗುವ ತನಕ ಭೂಮಿ ಬಿಸಿಯಾಗಲೇಬೇಕು. ನಾವೋ ಕಲ್ಲಿದ್ದಲು, ಪೆಟ್ರೋಲ್ ಉರಿಸಿ ಪ್ರತಿವರ್ಷ ಕಟ್ಟಕ್ಕೆ ಇನ್ನೊಂದು ಸಾಲು ಕಲ್ಲು ಇಡುತ್ತಿದ್ದೇವೆ. ಕಂಪ್ಯೂಟರ್ ಇಲ್ಲದ 1896ರಲ್ಲೇ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಈ ಲೆಕ್ಕ ಹಾಕಿದ್ದ!

ಹಾಗಾದರೆ ಏರಿಳಿತ ಯಾಕೆ? ಹೆಚ್ಚಾದ ಶಾಖದ ನೂರರಲ್ಲಿ 90 ಪಾಲು ಕಡಲಿಗೆ ಹೋಗುತ್ತದೆ. ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರದ ಮೇಲ್ಭಾಗದ ನೀರು ಕಾಯುವ ಎಲ್ ನಿನೊ ಬಂದಾಗ, ಆ ಸಾಗರ ಒಂದಿಷ್ಟನ್ನು ಗಾಳಿಗೆ ವಾಪಸ್ ಬಿಡುತ್ತದೆ. 1998, 2016, 2024 ಅಷ್ಟು ಕಾದದ್ದರಲ್ಲಿ ಅದರ ಪಾಲೂ ಇದೆ. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಜ್ವಾಲಾಮುಖಿ ಸಿಡಿದಾಗ ಎದ್ದ ಮಬ್ಬು ಬಿಸಿಲಿಗೇ ಅಡ್ಡವಾಯಿತು. ಮರುವರ್ಷ ಜಗತ್ತು ಸುಮಾರು ಅರ್ಧ ಡಿಗ್ರಿ ತಣಿಯಿತು. ಹತ್ತು ವರ್ಷದ ಸರಾಸರಿ ತೆಗೆದರೆ ಈ ಕುಣಿತ ಕಾಣುವುದಿಲ್ಲ. 1980ರಿಂದೀಚೆ ಪ್ರತಿ ದಶಕವೂ ಹಿಂದಿನದಕ್ಕಿಂತ ಬಿಸಿ.

ಇದೆಲ್ಲ ಸೂರ್ಯನ ಕೆಲಸ ಅನ್ನುವವರೂ ಇದ್ದಾರೆ. ಸೂರ್ಯ ಜೋರಾದರೆ ವಾತಾವರಣ ಮೇಲೆ ಕೆಳಗೆ ಎರಡೂ ಕಡೆ ಕಾಯಬೇಕು. ಕೆಳಗೆ ಕಾದಿದೆ, ಮೇಲಿನ ಸ್ತರ ತಣ್ಣಗಾಗಿದೆ. ಅಲ್ಲಿಗೆ ಆ ವಾದ ಮುಗಿಯಿತು.

"ಗ್ಯಾಸ್ ಗಿಡಕ್ಕೆ ಆಹಾರ ಅಲ್ವಾ, ಒಳ್ಳೆಯದೇ ಆಯ್ತು" ಅನ್ನುವ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಇಲ್ಲೇ ಕೂಡ್ಲಿನ ಸಿಪಿಸಿಆರ್‌ಐಯಲ್ಲಿ (ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ), ಮೇಲ್ಗಡೆ ತೆರೆದ ಗೂಡುಗಳಲ್ಲಿ ತೆಂಗಿನ ಸಸಿ ಇಟ್ಟು ನೋಡಿದ್ದಾರೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿಸಿದ ಗೂಡಿನ ಸಸಿಗಳು ಜಾಸ್ತಿ ಬೆಳೆದವು. ಬರೀ ಬಿಸಿ ಹೆಚ್ಚಿಸಿದ ಗೂಡಿನವು ಹೊರಗಿನ ಗಾಳಿಯಲ್ಲಿದ್ದವಕ್ಕಿಂತಲೂ ಕಮ್ಮಿ ಬೆಳೆದವು.