ಮೈಕ್ರೋವೇವ್‌ನಲ್ಲಿ ಮಾಡಿದ ಪಾಲಿಮರ್ ಬೇರೆಯೇ ವಸ್ತುವಾ?

ಪ್ರಶ್ನೆ: ಆಯಿಲ್ ಬಾತ್‌ನಲ್ಲಿ (ಪಾತ್ರೆಯನ್ನು ಬಿಸಿ ಎಣ್ಣೆಯಲ್ಲಿಟ್ಟು) ಗಂಟೆಗಟ್ಟಲೆ ಕಾಯಿಸಿ ಮಾಡುವ ಪಾಲಿಮರ್ ಮೈಕ್ರೋವೇವ್ ರಿಯಾಕ್ಟರ್‌ನಲ್ಲಿ ಕೆಲವೇ ನಿಮಿಷಗಳಲ್ಲಿ ಆಗುತ್ತದೆ ಅಂತಾರೆ. ಎರಡೂ ಒಂದೇನಾ? ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇದನ್ನು ಹೇಳುತ್ತದಾ?

ಉತ್ತರ: ಹೇಳುತ್ತದೆ. ಆದರೆ ಪಾಲಿಮರ್ ಎಂಬ ಅಣು ಸರಪಳಿಯ ಉದ್ದವನ್ನಷ್ಟೇ ನೋಡಿದರೆ ಸಾಲದು, ಅದರ ತುದಿಗಳನ್ನೂ ನೋಡಬೇಕು.

ಪಾಲಿಲ್ಯಾಕ್ಟಿಕ್ ಆಸಿಡ್ ತಗೊಳ್ಳಿ. ಇದರ ಒಂದು ಕೊಂಡಿಯ ತೂಕ ಸುಮಾರು 72 ಡಾಲ್ಟನ್ (ಅಣುಗಳ ತೂಕದ ಅಳತೆ). ನೀರಿನಿಂದ ಶುರುವಾದ 20 ಕೊಂಡಿಗಳ ಸರಪಳಿ ಇದೆ ಅಂದುಕೊಳ್ಳಿ. ಕೊಂಡಿಗಳಿಗೆ 1440, ಎರಡು ತುದಿಗೆ ಸೇರಿ 18, ಅಂಟಿಕೊಂಡ ಸೋಡಿಯಂಗೆ 23. ಮಾಲ್ಡಿಯಲ್ಲಿ (ಲೇಸರ್ ಬಳಸುವ ಒಂದು ಬಗೆಯ ಮಾಸ್ ಸ್ಪೆಕ್ಟ್ರೋಮೀಟರ್) 1481ರ ಹತ್ತಿರ ಪೀಕ್, ಅಂದರೆ ಆ ತೂಕವನ್ನು ತೋರಿಸುವ ಗೆರೆ, ಬರುತ್ತದೆ. ಅಷ್ಟೇ ಕೊಂಡಿಗಳು ಬಳೆಯ ಹಾಗೆ ಕೂಡಿಕೊಂಡಿದ್ದರೆ ತುದಿಯೇ ಇಲ್ಲ, ಆ 18 ಕೂಡ ಇಲ್ಲ. ಪೀಕ್ 1463ರಲ್ಲಿ ಕಾಣುತ್ತದೆ. ಬರೀ ಸರಾಸರಿ ತೂಕ ನೋಡುವವರಿಗೆ ಈ ಬಳೆಗಳು ಕಣ್ಣಿಗೇ ಬೀಳುವುದಿಲ್ಲ.

ಪೀಕ್‌ಗಳ ನಡುವಿನ ಅಂತರವೂ ಮುಖ್ಯ. ಈ ಪಾಲಿಮರ್ ಮಾಡಲು ಬಳಸುವ ಲ್ಯಾಕ್ಟೈಡ್ ಎಂಬ ಉಂಗುರದಂಥ ಅಣು ಬಿಚ್ಚಿ ಸೇರುವಾಗ ಎರಡೆರಡು ಕೊಂಡಿ ಒಟ್ಟಿಗೆ ಬರುತ್ತವೆ, ಅಂದರೆ 144ರ ಹೆಜ್ಜೆ. ನಡುನಡುವೆ 72ರ ಹೆಜ್ಜೆಯೂ ಕಂಡರೆ, ಸರಪಳಿಗಳು ತಮ್ಮ ತುಂಡುಗಳನ್ನು ಅದಲು ಬದಲು ಮಾಡಿಕೊಂಡಿವೆ ಎಂದರ್ಥ. ಬಿಸಿ ಜಾಸ್ತಿಯಾದಷ್ಟೂ, ಹೊತ್ತು ಜಾಸ್ತಿಯಾದಷ್ಟೂ ಇದು ಹೆಚ್ಚುತ್ತದೆ.

ಹೋಲಿಕೆ ತಪ್ಪುವುದು ಇಲ್ಲೇ. ಐದು ನಿಮಿಷಕ್ಕೆ ನಿಲ್ಲಿಸಿದ ಮೈಕ್ರೋವೇವ್ ಮಾದರಿಯನ್ನು ರಾತ್ರಿಯಿಡೀ ಕಾದ ಮಾದರಿಯ ಪಕ್ಕ ಇಟ್ಟರೆ ಮೊದಲನೆಯದು ಶುದ್ಧವಾಗಿ ಕಾಣಬಹುದು. ಬೇಗ ನಿಲ್ಲಿಸಿದ್ದೇ ಅದಕ್ಕೆ ಕಾರಣ ಇರಬಹುದು, ಅಲ್ವಾ? ಹಾಗಾಗಿ ಎರಡರಲ್ಲೂ ಮಾನೋಮರ್ (ಸರಪಳಿ ಕಟ್ಟುವ ಮೂಲ ಅಣು, ಇಲ್ಲಿ ಲ್ಯಾಕ್ಟೈಡ್) ಒಂದೇ ಪಾಲು ಖರ್ಚಾದಾಗ ಮಾದರಿ ತೆಗೆಯಬೇಕು.

ತಾಪಮಾನದ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು. ಆಯಿಲ್ ಬಾತ್‌ನಲ್ಲಿ ಗಾಜು ಮೊದಲು ಬಿಸಿಯಾಗುತ್ತದೆ, ಮೈಕ್ರೋವೇವ್‌ನಲ್ಲಿ ಒಳಗಿನ ದ್ರವ. ಹೊರಗಿನಿಂದ ನೋಡುವ ಇನ್‌ಫ್ರಾರೆಡ್ ಸೆನ್ಸರ್ ಗೋಡೆಯ ಬಿಸಿಯನ್ನಷ್ಟೇ ಅಳೆಯುತ್ತದೆ. ಒಳಗೆ ಅದಕ್ಕಿಂತ ಜಾಸ್ತಿ ಇರಬಹುದು. ದ್ರವದೊಳಗೇ ಇಳಿಯುವ ಫೈಬರ್ ಆಪ್ಟಿಕ್ ಪ್ರೋಬ್ ಇಲ್ಲದೆ "ಎರಡೂ ಒಂದೇ ತಾಪಮಾನದಲ್ಲಿ ಮಾಡಿದ್ದು" ಎಂದರೆ ನಾನು ಒಪ್ಪುವುದಿಲ್ಲ.

ಮೈಕ್ರೋವೇವ್‌ಗೆ ಬಿಸಿಯನ್ನು ಮೀರಿದ ಶಕ್ತಿ ಇದೆ ಎಂಬ ವಾದವೂ ಇತ್ತು. 2.45 ಗಿಗಾಹರ್ಟ್ಸ್ ಅಲೆಯ ಒಂದು ಫೋಟಾನ್‌ನಲ್ಲಿ ರಾಸಾಯನಿಕ ಬಂಧ ಮುರಿಯುವಷ್ಟು ಶಕ್ತಿಯೇ ಇಲ್ಲ. ಸಿಲಿಕಾನ್ ಕಾರ್ಬೈಡ್ ಬಾಟಲಿ ಅಲೆಗಳನ್ನು ತಾನೇ ಹೀರಿ, ಒಳಗಿನ ದ್ರವಕ್ಕೆ ಬರೀ ಬಿಸಿ ಕೊಡುತ್ತದೆ. ಅದರಲ್ಲಿ ಮಾಡಿ ನೋಡಿದಾಗ ಬಹುತೇಕ ಕ್ರಿಯೆಗಳು ಗಾಜಿನ ಬಾಟಲಿಯಲ್ಲಿ ನಡೆದಂತೆಯೇ ನಡೆದವು. ವೇಗದ ಗುಟ್ಟು ಹೆಚ್ಚಾಗಿ ಮುಚ್ಚಿದ ಪಾತ್ರೆಯ ಎತ್ತರದ ತಾಪಮಾನದಲ್ಲೇ ಇದೆ.

ಮಾಲ್ಡಿಗೂ ಒಂದು ಮಿತಿ ಉಂಟು. ಚಿಕ್ಕ, ದೊಡ್ಡ ಸರಪಳಿಗಳು ತುಂಬಾ ಬೆರೆತಿದ್ದರೆ ಹಗುರವಾದವೇ ಎದ್ದು ಕಾಣುತ್ತವೆ. ಸರಾಸರಿ ತೂಕಕ್ಕೆ ಜಿಪಿಸಿ (ಸರಪಳಿಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಪರೀಕ್ಷೆ) ಮಾಡಿಸಿ. ಮಾಲ್ಡಿಗೆ ಎರಡು ಮಾದರಿಗೂ ಅದೇ ಮ್ಯಾಟ್ರಿಕ್ಸ್ (ಲೇಸರ್ ಹೀರಲು ಮಾದರಿಗೆ ಬೆರೆಸುವ ವಸ್ತು), ಅದೇ ಸೋಡಿಯಂ ಉಪ್ಪು, ಅಷ್ಟೇ ಲೇಸರ್ ಇರಲಿ. ಆಮೇಲೆ ಎರಡೂ ಸ್ಪೆಕ್ಟ್ರಮ್‌ಗಳನ್ನು ಒಂದರ ಮೇಲೊಂದು ಇಟ್ಟು, 1481ರ ಪಕ್ಕ 1463 ಎಷ್ಟು ಎತ್ತರ ಎದ್ದಿದೆ ಅಂತ ನೋಡಿ.